ಓಡುವ ಹುಳ ಇಲ್ಲದ ಬಾವಿ

ಕೊರೊನಾ ಮುಗಿದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ನಮ್ಮೂರಿನಲ್ಲಿ ನೀರು ಪರೀಕ್ಷೆ ಮಾಡುವ ಐವರು ಹೆಂಗಸರಲ್ಲಿ ಒಬ್ಬಳಾಗಿದ್ದೆ. ಇದನ್ನು ಹುದ್ದೆ ಅನ್ನಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಕುರ್ಚಿ ಇರಲಿಲ್ಲ, ರುಜು ಹಾಕುವ ಹಾಜರಿ ಪುಸ್ತಕವೂ ಇರಲಿಲ್ಲ. ಇದ್ದದ್ದು ಹಿಡಿಕೆಯಿರುವ ಒಂದು ನೀಲಿ ಡಬ್ಬಿ ಮತ್ತು ಹುನಗುಂದದಲ್ಲಿ ಕೊಟ್ಟ ಒಂದು ದಿನದ ತರಬೇತಿ. ಮದುವೆಯಾದಾಗಿನಿಂದ ಅಡುಗೆಮನೆ, ಹಿತ್ತಲು, ಮಕ್ಕಳ ಸಾಲೆ ಎಂದುಕೊಂಡಿದ್ದ ನನ್ನನ್ನು ಪಂಚಾಯಿತಿಯವರು ಕರೆದದ್ದು ಒಂದೇ ಕಾರಣಕ್ಕೆ: ನಾನು ಕಾನ್ವೆಂಟಿನಲ್ಲಿ ಓದಿದವಳು, ಡಬ್ಬಿಯ ಬಾಟಲಿಗಳ ಮೇಲಿನ ಇಂಗ್ಲಿಷ್ ಓದಬಲ್ಲೆ.

ಆ ಡಬ್ಬಿಗೆ ಫೀಲ್ಡ್ ಟೆಸ್ಟ್ ಕಿಟ್ ಎಂದು ಹೆಸರು. ನೀರನ್ನು ಸಣ್ಣ ಗಾಜಿನ ನಳಿಕೆಗೆ ತುಂಬಿ, ಒಂದೊಂದು ಬಾಟಲಿಯಿಂದ ಹನಿ ಹಾಕಿ, ತಿರುಗುವ ಬಣ್ಣವನ್ನು ಒಂದು ಕಾರ್ಡಿನ ಬಣ್ಣದ ಜೊತೆ ಹೊಂದಿಸಿ ನೋಡಬೇಕು. ನೀರು ಹುಳಿಯೋ ಕ್ಷಾರವೋ, ಗಡಸೋ ಮೆದುವೋ, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಕಬ್ಬಿಣ ಎಷ್ಟು ಎಂಬುದು ಅಂದಾಜಿಗೆ ತಿಳಿಯುತ್ತದೆ. ಬೋರುಗಳು, ಸಾಲೆಯ ನಲ್ಲಿ, ಅಂಗನವಾಡಿಯ ನಲ್ಲಿ, ಎಲ್ಲವನ್ನೂ ನಾವು ಹಂಚಿಕೊಂಡು ನೋಡುತ್ತಿದ್ದೆವು. ನಾನು ಡಬ್ಬಿ ಹಿಡಿದು ಹೊರಟರೆ ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, "ಇವತ್ತ ಯಾವ ಬೋರಿಗೆ ಜ್ವರ ಬಂದೈತ್ರೀ ಡಾಕ್ಟರ್?" ಎಂದು ಕೇಳುತ್ತಿದ್ದರು.

ನಮ್ಮೂರು ಇಳಕಲ್ಲಿಗೂ ಹುನಗುಂದಕ್ಕೂ ನಡುವೆ. ನಮ್ಮ ಓಣಿಯ ತುಂಬ ಸೀರೆ ಮಗ್ಗಗಳು. ಅವುಗಳ ಸದ್ದು ನಿಂತರೆ ಊಟದ ಹೊತ್ತಾಯಿತು ಎಂದು ತಿಳಿಯಬೇಕು. ನದಿಯ ನೀರು ನಲ್ಲಿಗೆ ಬರುತ್ತದೆ, ಆದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಂದರೆ ಪುಣ್ಯ. ಬೋರಿನ ನೀರು ಉಪ್ಪು, ಗಡಸು. ಅದರಲ್ಲಿ ಬೇಳೆ ಬೇಯುವುದಿಲ್ಲ, ಪಾತ್ರೆಗೆ ಬಿಳಿ ಪದರು ಕೂರುತ್ತದೆ. ಹಾಗಾಗಿ ಓಣಿಯ ತುದಿಯ ಕಲ್ಲುಬಾವಿಯೇ ನಮಗೆ ಆಧಾರ. ಅದರ ನೀರು ಮೆದು, ಸಿಹಿ.

ಆ ಬಾವಿಯ ದಂಡೆಗೆ ಒಂದು ಅತ್ತಿ ಮರ. ಅದರ ಒಂದು ಕೊಂಬೆ ನೀರಿನ ಮೇಲೆ ಬಾಗಿದೆ, ಅದರಿಂದ ಗೀಜಗನ ಗೂಡುಗಳು ತೂಗುತ್ತವೆ. ನೀರಿನಲ್ಲಿ ಬೆರಳುದ್ದದ ಬೆಳ್ಳಿ ಮೀನುಗಳು, ಮೆಟ್ಟಿಲಿಗೆ ಬಂದು ರೊಟ್ಟಿ ಚೂರು ತಿನ್ನುವ ಒಂದು ಆಮೆ, ಆಗಾಗ ಬಂದು ಬಾಣದಂತೆ ಎರಗುವ ಮಿಂಚುಳ್ಳಿ. ನನಗೆ ಎಲ್ಲಕ್ಕಿಂತ ಇಷ್ಟ ನೀರಿನ ಮೇಲೆ ಓಡುವ ಹುಳ. ಕೂದಲಿನಷ್ಟು ತೆಳ್ಳಗಿನ ಉದ್ದ ಕಾಲುಗಳು. ನೀರಿನಲ್ಲಿ ಈಜುವುದಿಲ್ಲ, ಅದರ ಮೇಲೆ ನಡೆಯುತ್ತದೆ. ಪ್ರತಿ ಕಾಲಿನ ಕೆಳಗೆ ನೀರು ಚಿಕ್ಕ ಬಟ್ಟಲಿನಂತೆ ತಗ್ಗುತ್ತದೆ, ಆದರೆ ಕಾಲು ಒಳಗಿಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಅದಕ್ಕೊಂದು ಹೆಸರಿಲ್ಲ. ಓಡೋ ಹುಳ ಅನ್ನುತ್ತಾರೆ, ಅಷ್ಟೇ.

ನನ್ನ ತವರು ಹಳೇ ಬಾಗಲಕೋಟೆ. ನಮ್ಮ ಹಿತ್ತಲಿನ ಬಾವಿಯಲ್ಲೂ ಇಂಥ ಹುಳಗಳಿದ್ದವು. ಆ ಬಾವಿ ಈಗ ಆಲಮಟ್ಟಿಯ ಹಿನ್ನೀರಿನ ತಳದಲ್ಲಿದೆ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಕಲ್ಲುಬಾವಿಗೆ ಬಗ್ಗಿ ನೋಡಿದಾಗ, ಇಲ್ಲಿ ಬಾಳಬಹುದು ಅನ್ನಿಸಿದ್ದು ಆ ಹುಳಗಳನ್ನು ಕಂಡು.

ಆ ಬೇಸಿಗೆಯಲ್ಲಿ ಬಾವಿಯ ನೀರು ಬಹಳ ಕೆಳಗೆ ಹೋಗಿತ್ತು. ಒಂದು ಬೆಳಿಗ್ಗೆ ಓಣಿಯಲ್ಲಿ ಗದ್ದಲ ಕೇಳಿ ಹೋದೆ. ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕೊಡ ಹಿಡಿದು ಮುಂದೆ ನಿಂತವಳು ಮಹಾದೇವಿ. ನಮ್ಮ ಎದುರು ಮನೆಯವಳು. ಅವಳ ಮಾತು ಓಣಿಯ ಎರಡೂ ತುದಿಗೆ ಕೇಳುತ್ತದೆ.

"ನೋಡ್ರಿ, ಮೀನ ಹೆಂಗ ಮಲಗ್ಯಾವ! ಬಣ್ಣ ಕುಡಿದ ಮ್ಯಾಲ ಕುಣೀತಾವೇನು?"

ಮಾತು ಯಾರಿಗೆ ಎಂಬುದು ಎಲ್ಲರಿಗೂ ತಿಳಿದಿತ್ತು. ಬಾವಿಗೆ ಬೆನ್ನು ಹಚ್ಚಿದ ಮನೆ ಶಾಂತವ್ವನದು. ಸೀರೆಯ ಸೆರಗಿಗೆ ಬೇಕಾದ ರೇಷ್ಮೆಯನ್ನು ಬೇಯಿಸಿ, ಬಣ್ಣ ಹಾಕಿ ಮಗ್ಗದವರಿಗೆ ಕೊಡುವುದು ಆಕೆಯ ಕೆಲಸ. ಅರವತ್ತು ದಾಟಿದ, ಬೆರಳ ತುದಿಗಳು ಸದಾ ಕೆಂಪಗಿರುವ ಹೆಂಗಸು.

"ನನ್ನ ಮನಿ ಬಣ್ಣದ ನೀರು ಒಂದ ಹನಿ ಈ ಕಡಿ ಬಂದಿದ್ರ ಕೇಳು," ಎಂದರು ಶಾಂತವ್ವ. "ಎಲ್ಲಾ ಗಟಾರಕ್ಕ ಬಿಡತೀನಿ. ಗಟಾರ ಆ ಕಡಿ ಹರಿತೈತಿ, ಬಾವಿ ಈ ಕಡಿ ಐತಿ. ನಿನಗ ಕಣ್ಣ ಇಲ್ಲೇನ?"

"ಕಣ್ಣ ಅದಾವ ಅಂತನ ಸತ್ತ ಮೀನ ಕಾಣಾಕತ್ತಾವ."

ನಾನು ಬಾಟಲಿಗೆ ದಾರ ಕಟ್ಟಿ ಇಳಿಸಿದೆ. ಮೇಲೆ ಬಂದ ನೀರು ತಿಳಿಯಾಗಿತ್ತು. ಬಿಳಿ ಸೆರಗಿನ ಮುಂದೆ ಹಿಡಿದು ನೋಡಿದೆ, ಬಣ್ಣದ ಸುಳಿವಿಲ್ಲ, ವಾಸನೆಯಿಲ್ಲ. ಇನ್ನೊಂದು ಸಂಗತಿ ಆಗಲೇ ಕಣ್ಣಿಗೆ ಬಿತ್ತು. ನೀರಿನ ಮೇಲ್ಮೈ ಕನ್ನಡಿಯಂತೆ ಸುಮ್ಮನೆ ಇತ್ತು.

"ಮಹಾದೇವಿ, ಓಡೋ ಹುಳ ಎಲ್ಲಿ ಹೋದವು?" ಎಂದೆ.

"ಅಯ್ಯ ಮೇಡಂ, ಮೀನಿಗೆ ಅಳಾಕ ಹೊತ್ತಿಲ್ಲ. ಹುಳಕ್ಕ ಅಳತೀರೇನು?"

ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಒಂದೊಂದೇ ಹನಿ ಹಾಕುತ್ತ ಎಲ್ಲ ಪರೀಕ್ಷೆ ಮಾಡಿದೆ. ಎಲ್ಲವೂ ಸರಿಯಿತ್ತು. ಮರುದಿನ ಮತ್ತೆ ಮಾಡಿದೆ, ಮತ್ತೆ ಸರಿಯಿತ್ತು.

ಅಂದು ಸಂಜೆ ಪಂಚಾಯಿತಿ ಮೆಂಬರ್ ಬಸನಗೌಡರು ಬಾವಿ ನೋಡಲು ಬಂದರು. ಒಳ್ಳೆಯವರು, ಆದರೆ ತಕರಾರು ಬೇಗ ಮುಗಿಯಬೇಕು ಅನ್ನುವವರು.

"ಏನಂತೈತ್ರಿ ನಿಮ್ಮ ಡಬ್ಬಿ?"

"ಎಲ್ಲಾ ಸರಿ ಐತಿ ಅಂತೈತ್ರಿ ಗೌಡ್ರ."

"ಡಬ್ಬಿ ಸರಿ ಐತಿ ಅಂತೈತಿ, ಮೀನ ಸತ್ತ ಬಿದ್ದಾವ. ನಾ ಯಾರ ಮಾತ ಕೇಳ್ಲಿ?" ಬಾವಿಯ ಕಟ್ಟೆ ತಟ್ಟಿದರು. "ನಾಳೆ ಒಂದ ಕೂಸಿಗೆ ಹೆಚ್ಚುಕಡಿಮಿ ಆದ್ರ ಮಂದಿ ನನ್ನ ಹಿಡಿತಾರ. ಸೋಮವಾರ ಗೌಂಡಿನ್ನ ಕರಕೊಂಡ ಬರತೀನಿ. ಮ್ಯಾಲ ಸ್ಲ್ಯಾಬ್ ಹಾಕಿ ಮುಚ್ಚಿಬಿಡೋಣ. ಬಾಜೂಕ ಟ್ಯಾಂಕ್ ಇಟ್ಟು ಬೋರಿನ ನೀರ ಕೊಡೋಣ."

ಅವರು ಹೋದ ಮೇಲೆ ಶಾಂತವ್ವ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಮೇಲೆಯೇ ಕುಳಿತರು.

"ಬೋರಿನ ನೀರಾಗ ರೇಷ್ಮಿ ಬೇಯಿಸಿದ್ರ ನೂಲು ಹುಲ್ಲ ಆಗತೈತ್ರಿ. ಹೊಳಪ ಇರೂದಿಲ್ಲ, ಬಣ್ಣ ಹಿಡಿಯೂದಿಲ್ಲ. ಬಾವಿ ಮುಚ್ಚಿದ್ರ ನನ್ನ ಒಲಿ ಆರಿದಂಗ. ಮಂದಿ ಅಂದ್ರ ಅನ್ನಲಿ. ನೀವರ ಇನ್ನೊಮ್ಮೆ ಸರಿಯಾಗಿ ನೋಡ್ರಿ."

ನೋಡುತ್ತೇನೆ ಎಂದೆ. ಆದರೆ ಡಬ್ಬಿಯಲ್ಲಿ ನೋಡಲು ಇನ್ನೇನೂ ಉಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಕೌದಿ ಹೊಲಿಯುತ್ತ ಕುಳಿತಿದ್ದೆ. ಹಳೆಯ ಸೀರೆಗಳನ್ನು ಪದರು ಮಾಡಿ ಹೊಲಿಯುವ ಹೊದಿಕೆ. ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುತ್ತದೆ. ದಪ್ಪ ಪದರಿನಲ್ಲಿ ಸೂಜಿ ಸರಾಗ ಹೋಗಲಿ ಎಂದು ನಡುನಡುವೆ ಅದನ್ನು ತಲೆಗೂದಲಲ್ಲಿ ಎಳೆದುಕೊಳ್ಳುತ್ತೇವೆ. ಕೂದಲಿನ ಎಣ್ಣೆ ಸೂಜಿಗೆ ಹತ್ತುತ್ತದೆ. ಹಾಗೆ ಎಳೆದುಕೊಂಡಾಗ ಕೈ ಅಲ್ಲೇ ನಿಂತಿತು.

ನಮ್ಮ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಪ್ರಯೋಗ ಮಾಡದೆ ಪಾಠ ಮುಗಿಸುತ್ತಿರಲಿಲ್ಲ. ಒಂದು ದಿನ ಬೋಗುಣಿಯಲ್ಲಿ ನೀರು ತಂದು, ನಮ್ಮಲ್ಲೊಬ್ಬಳ ಎಣ್ಣೆ ಹಚ್ಚಿದ ಜಡೆಗೆ ಸೂಜಿ ಉಜ್ಜಿ, ಅದನ್ನು ಮೆಲ್ಲಗೆ ಅಡ್ಡಡ್ಡ ನೀರಿನ ಮೇಲೆ ಮಲಗಿಸಿದ್ದರು. ಕಬ್ಬಿಣದ ಸೂಜಿ ತೇಲಿತು. ನೀರಿನ ಮೇಲ್ಮೈಗೆ ಒಂದು ಬಿಗಿತ ಇರುತ್ತದೆ, ಬಿಗಿದು ಕಟ್ಟಿದ ತೆಳು ಬಟ್ಟೆಯಂತೆ. ಅದಕ್ಕೆ ಸರ್ಫೇಸ್ ಟೆನ್ಷನ್ ಅನ್ನುತ್ತಾರೆ ಎಂದರು. ಆಮೇಲೆ ಬೋಗುಣಿಯ ಅಂಚಿಗೆ ಒಂದು ಹನಿ ಸಾಬೂನಿನ ನೀರು ಬಿಟ್ಟರು. ಸೂಜಿ ಸದ್ದಿಲ್ಲದೆ ಮುಳುಗಿತು. ಹಿಂದಿನ ಬೆಂಚಿನ ಹುಡುಗಿಯರು ಚಪ್ಪಾಳೆ ತಟ್ಟಿ ಬೈಸಿಕೊಂಡಿದ್ದರು.

ಓಡುವ ಹುಳವೂ ಅದೇ ಬಿಗಿತದ ಮೇಲಲ್ಲವೇ ನಿಲ್ಲುವುದು?

ಕೌದಿ ಮಡಚಿಟ್ಟು ಅಡುಗೆಮನೆಗೆ ಹೋದೆ. ಒಂದು ಬಟ್ಟಲಲ್ಲಿ ನಲ್ಲಿಯ ನೀರು, ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಬಾವಿಯ ನೀರು ತುಂಬಿದೆ. ನಲ್ಲಿ ನೀರಿನಲ್ಲಿ ಸೂಜಿ ತೇಲಿತು. ಬೋರಿನ ನೀರಿನಲ್ಲೂ ತೇಲಿತು. ಬಾವಿಯ ನೀರಿನಲ್ಲಿ ಮುಳುಗಿತು. ನನ್ನ ಕೈ ನಡುಗಿತೇನೋ ಎಂದು ಬಟ್ಟಲು ತೊಳೆದು, ಸೂಜಿ ಒರೆಸಿ, ಮತ್ತೆ ಕೂದಲಿಗೆ ಉಜ್ಜಿ ಬಿಟ್ಟೆ. ಮತ್ತೆ ಮುಳುಗಿತು.

ಬಾವಿಯಲ್ಲಿ ಸಾಬೂನಿನಂಥದ್ದು ಏನೋ ಇದೆ ಎಂಬುದು ಹೆಚ್ಚುಕಡಿಮೆ ಖಾತ್ರಿಯಾಯಿತು. ಕೊಡದಿಂದ ಹೊಯ್ಯುವಾಗ ಏಳುವ ಗುಳ್ಳೆಗಳು ಈಚೆಗೆ ತುಸು ಹೊತ್ತು ಒಡೆಯದೆ ನಿಲ್ಲುತ್ತಿದ್ದದ್ದೂ ನೆನಪಾಯಿತು. ಆದರೆ ಎಲ್ಲಿಂದ? ಬಾವಿಯ ಹತ್ತಿರ ಅರಿವೆ ಒಗೆಯಬಾರದು ಎಂಬ ಕಟ್ಟಳೆಯನ್ನು ನಮ್ಮ ಓಣಿಯಲ್ಲಿ ಯಾರೂ ಮುರಿಯುವುದಿಲ್ಲ. ಮಹಾದೇವಿ ಇರುವತನಕ ಮುರಿಯಲು ಸಾಧ್ಯವೂ ಇಲ್ಲ.

ರವಿವಾರ ಬೆಳಿಗ್ಗೆ ಸೂಜಿಯನ್ನು ರವಿಕೆಗೆ ಸಿಕ್ಕಿಸಿಕೊಂಡು ಶಾಂತವ್ವನ ಮನೆಗೆ ಹೋದೆ. ಸಂದೇಹವಿತ್ತೇ ಎಂದರೆ, ಇತ್ತು. ಆದರೆ ಹೇಳಲು ಬಾಯಿ ಬರುವಂಥ ಸಂದೇಹವಲ್ಲ. ಆಕೆ ಅಂಗಳದ ಹಂಡೆಯಿಂದ ರೇಷ್ಮೆ ನೂಲಿನ ಲಡಿಗಳನ್ನು ಕೋಲಿನಿಂದ ಎತ್ತುತ್ತಿದ್ದರು. ಹಸಿ ರೇಷ್ಮೆಗೆ ಒಂದು ಅಂಟು ಇರುತ್ತದೆ, ಮುಟ್ಟಿದರೆ ಬಿರುಸು. ಸಾಬೂನಿನ ನೀರಿನಲ್ಲಿ ಬೇಯಿಸಿದರೆ ಅಂಟು ಬಿಟ್ಟು ನೂಲು ಮೆತ್ತಗಾಗುತ್ತದೆ, ಆಮೇಲೆ ಬಣ್ಣ ಹಿಡಿಯುತ್ತದೆ. ಹಂಡೆಯ ಪಕ್ಕದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಕ್ಯಾನ್ ಇತ್ತು.

"ಮೊದಲ ಸಾಬೂನು ಹೆರೆದು ಹಾಕತಿದ್ವಿ. ಈಗ ಈ ಲಿಕ್ವಿಡ್ ಬಂದೈತ್ರಿ. ಲಗೂನ ಬೇಯತೈತಿ," ಎಂದರು ಆಕೆ. "ಕೊರೊನಾದಾಗ ಮಗ್ಗ ಎಲ್ಲಾ ನಿಂತಿದ್ವು. ಈಗ ಮದುವಿ ಮ್ಯಾಲ ಮದುವಿ. ದಿನಾ ಹಂಡೆ ಏರಿಸಿದ್ರೂ ಮುಗಿಯೂದಿಲ್ಲ."

ಅಷ್ಟರಲ್ಲಿ ಆಕೆಯ ಸೊಸೆ ಹಂಡೆಯ ನೀರನ್ನು ಬಕೀಟಿಗೆ ಬಗ್ಗಿಸಿಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಗಟಾರ ಇರುವುದು ಮುಂದಿನ ಬಾಗಿಲಿಗೆ.

"ಆ ನೀರು ಎಲ್ಲಿಗೆ ಶಾಂತವ್ವ?"

"ಅತ್ತಿ ಗಿಡಕ್ಕ. ರೇಷ್ಮಿ ಬೇಯಿಸಿದ ನೀರು ಗಟಾರಕ್ಕ ಹಾಕಬಾರದ್ರಿ. ನಾಳೆ ಮದುಮಗಳ ಸೆರಗ ಆಗೂ ನೂಲದು, ಮಡಿ. ಅದರ ನೀರು ಮಂದಿ ಕಾಲಾಗ ಬೀಳಬಾರದು. ಬಣ್ಣದ ನೀರ ಗಟಾರಕ್ಕ, ಬೇಯಿಸಿದ ನೀರ ಗಿಡದ ಬುಡಕ್ಕ. ನಮ್ಮ ಹಿರೇರಿಂದ ಹಂಗ ಬಂದೈತಿ."

ಅತ್ತಿಯ ಬೇರು ಬಾವಿಯ ಗೋಡೆಯ ಕಲ್ಲುಗಳ ನಡುವೆ ಇಳಿದಿರುವುದನ್ನು ನಾನು ಬಾಟಲಿ ಇಳಿಸುವಾಗೆಲ್ಲ ಕಂಡಿದ್ದೆ. ಹಿರಿಯರ ಕಾಲದಲ್ಲಿ ಆಗೀಗ ಒಂದಿಷ್ಟು ಸಾಬೂನು, ತುಂಬಿದ ಬಾವಿ; ಈಗ ದಿನವೂ ಲಿಕ್ವಿಡ್, ತಳ ಮುಟ್ಟಿದ ನೀರು. ಯಾರಿಗೂ ಕೇಡು ಬಯಸದೆ, ಗೌರವದಿಂದ, ಯಾರೂ ತುಳಿಯದಿರಲಿ ಎಂದು ಸುರಿದ ನೀರು ಅದು.

"ಎರಡು ಬಟ್ಟಲ ಕೊಡ್ರಿ, ಒಂದ ಆಟ ತೋರಸ್ತೀನಿ," ಎಂದೆ.

"ಏನ, ಮುಂಜಾನೆದ್ದು ಜಾದೂ ಮಾಡಾಕ ಬಂದ್ರೇನ ಮೇಡಂ?" ನಗುತ್ತಲೇ ಬಟ್ಟಲು ತಂದಿಟ್ಟರು.

ಒಂದಕ್ಕೆ ನಲ್ಲಿಯ ನೀರು, ಒಂದಕ್ಕೆ ಬಾವಿಯ ನೀರು ಹಾಕಿದೆವು. ಸೂಜಿ ಆಕೆಯ ಕೈಗೇ ಕೊಟ್ಟೆ. ನೂಲಿನ ಕೈ ಅದು, ನನ್ನದಕ್ಕಿಂತ ಹಗುರ. ನಲ್ಲಿಯ ನೀರಿನಲ್ಲಿ ಸೂಜಿ ಅಲುಗದೆ ಮಲಗಿತು. "ಅಯ್ಯ, ಇದರವ್ವನ!" ಎಂದು ಮಗುವಿನಂತೆ ಬಗ್ಗಿ ನೋಡಿದರು. ಬಾವಿಯ ನೀರಿನಲ್ಲಿ ಮುಳುಗಿತು. ಇನ್ನೊಮ್ಮೆ ಬಿಟ್ಟರು, ಇನ್ನೊಮ್ಮೆ ಮುಳುಗಿತು. ಆಮೇಲೆ ಆಕೆಯೇ ಎದ್ದು ಹೋಗಿ, ಹಂಡೆಯ ತಳದಲ್ಲಿ ಉಳಿದಿದ್ದ ನೀರಿನಿಂದ ಒಂದು ಹನಿ ಬೆರಳಿಗೆ ತೆಗೆದುಕೊಂಡು ಬಂದು ನಲ್ಲಿ ನೀರಿನ ಬಟ್ಟಲಿಗೆ ಬಿಟ್ಟರು. ಅದರಲ್ಲಿ ತೇಲುತ್ತಿದ್ದ ಸೂಜಿಯೂ ಮುಳುಗಿತು.

ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹಿಂದಿನ ಬಾಗಿಲಿನಾಚೆಯ ಅತ್ತಿಯ ಕಡೆ ನೋಡಿದರು.

"ಬೇರಿನ ಗುಂಟ ಇಳದೈತಿ," ಎಂದರು. "ಹಂಗಾರ ಮಹಾದೇವಿ ಅಂದದ್ದು ಖರೆ ಆತು."

"ಇಲ್ಲ ಶಾಂತವ್ವ. ಆಕಿ ಬಣ್ಣ ಅಂದಳು. ನೀವು ಬಣ್ಣ ಬಿಟ್ಟಿಲ್ಲ."

"ಬಣ್ಣ ಇದ್ದಿದ್ರ ಛಲೋ ಇತ್ರಿ. ಕಣ್ಣಿಗರ ಕಾಣತಿತ್ತು."

ಸೊಸೆ ಖಾಲಿ ಬಕೀಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಾಳೆ ಗೌಡರಿಗೆ ನಾನೇ ಹೇಳಲೇ ಎಂದು ಕೇಳಿದೆ. ಶಾಂತವ್ವ ಬೇಡವೆಂದು ತಲೆಯಾಡಿಸಿದರು. "ನೀವ ಹೇಳಿದ್ರ ನನ್ನ ಹಿಡದಂಗ ಆಗತೈತಿ. ನಾನ ಹೇಳ್ತೀನಿ. ಸೂಜಿ ಇಲ್ಲೇ ಇರಲಿ."

ಸೋಮವಾರ ಗೌಡರು ಗೌಂಡಿಯ ಜೊತೆ ಟೇಪು ಹಿಡಿದು ಬಂದರು. ಅಷ್ಟರಲ್ಲಾಗಲೇ ಬಾವಿಯ ಕಟ್ಟೆಯ ಮೇಲೆ ಬಟ್ಟಲುಗಳನ್ನು ಸಾಲಾಗಿಟ್ಟು ಶಾಂತವ್ವ ನಿಂತಿದ್ದರು. ತೊಳೆದ ಸೀರೆ ಉಟ್ಟಿದ್ದರು, ಕೆಂಪು ಸೆರಗಿನದು. ಯಾರ ಮುಖವನ್ನೂ ನೋಡದೆ ಸೂಜಿ ತೇಲಿಸಿದರು, ಮುಳುಗಿಸಿದರು, ಹಂಡೆಯ ನೀರಿನ ಸಂಗತಿ ಹೇಳಿದರು. ಗಿಡದ ಬುಡಕ್ಕೆ ಯಾಕೆ ಹಾಕುತ್ತಿದ್ದರು ಎಂಬುದನ್ನೂ ಹೇಳಿದರು. "ನನ್ನಿಂದ ಆಗೈತಿ. ಬಾವಿದೇನೂ ತಪ್ಪಿಲ್ಲ, ಬಾವಿ ಮುಚ್ಚಬ್ಯಾಡ್ರಿ" ಎಂದು ಮುಗಿಸಿದರು.

ಮಹಾದೇವಿ ಮುಂದೆ ಬಂದು, ಸೂಜಿ ಕಸಿದುಕೊಂಡು, ತನ್ನ ಕೂದಲಿಗೆ ಉಜ್ಜಿ ತಾನೇ ಬಿಟ್ಟು ನೋಡಿದಳು. ಮುಳುಗಿತು.

"ಹಂಗಾರ ಇಷ್ಟ ದಿನ ನಾವು ಸಾಬೂನ ಕುಡದೇವೇನು?"

"ಕುಡದೂ ನಿನ್ನ ನಾಲಿಗಿ ಸ್ವಚ್ಛ ಆಗಲಿಲ್ಲ ನೋಡು," ಎಂದರು ಶಾಂತವ್ವ.

ಮೊದಲು ನಕ್ಕವನು ಗೌಂಡಿ. ಆಮೇಲೆ ಗೌಡರು. ಕೊನೆಗೆ ಮಹಾದೇವಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಗೌಡರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರೂ ಒಂದು ಷರತ್ತು ಹಾಕಿದರು. "ಸೂಜಿ ಮಾತು ನಾ ನಂಬತೀನಿ, ಸರಕಾರ ನಂಬೂದಿಲ್ಲ. ಬಾಗಲಕೋಟಿ ಲ್ಯಾಬಿಗೆ ಕಳಸ್ರಿ. ಅಲ್ಲೀತನಕ ಯಾರೂ ಈ ನೀರು ಕುಡಿಯೂದು ಬ್ಯಾಡ." ಅದು ಸರಿಯಾದ ಮಾತೇ ಆಗಿತ್ತು. ಸೂಜಿ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ನಾನು ಮಾದರಿ ತುಂಬಿ, ಡಿಟರ್ಜೆಂಟ್ ಇದೆಯೇ ನೋಡಿ ಎಂದು ಬಿಡಿಸಿ ಬರೆದು ಕಳಿಸಿದೆ. ಅಲ್ಲಿಯೂ ಅದೇ ಬಂತು. ಡಿಟರ್ಜೆಂಟ್ ಮೀನಿನ ಕಿವಿರಿಗೆ ಪೆಟ್ಟು ಕೊಡುತ್ತದೆ, ಅವು ಉಸಿರು ಕಟ್ಟಿ ಸಾಯುತ್ತವೆ ಎಂದು ಅಲ್ಲಿಯ ಹುಡುಗಿ ಫೋನಿನಲ್ಲಿ ವಿವರಿಸಿದಳು. ಆಮೆ ಮೇಲೆ ಬಂದು ಗಾಳಿಯಲ್ಲಿ ಉಸಿರಾಡುವ ಪ್ರಾಣಿಯಾದ್ದರಿಂದ ಬದುಕಿಕೊಂಡಿತ್ತು.

ಆಮೇಲಿನದು ಓಣಿಯ ಕೆಲಸ. ಪಂಪು ಹಚ್ಚಿ ಬಾವಿ ಬರಿದು ಮಾಡಿದರು, ತಳದ ಊಟೆಯಿಂದ ನೀರು ಬಂದ ಹಾಗೆ ಮತ್ತೆ ಮತ್ತೆ ಹೊರಹಾಕಿದರು. ಆಮೆಯನ್ನು ಶಾಂತವ್ವ ತಮ್ಮದೇ ರೇಷ್ಮೆಯ ಹಂಡೆಯನ್ನು ತಿಕ್ಕಿ ತೊಳೆದು ಅದರಲ್ಲಿಟ್ಟುಕೊಂಡರು. ಅಷ್ಟು ದಿನ ಅವರ ಮನೆಯಲ್ಲಿ ನೂಲು ಬೇಯಲಿಲ್ಲ. ಸ್ಲ್ಯಾಬ್ ಹಾಕಲು ಬಂದಿದ್ದ ಅದೇ ಗೌಂಡಿ ಕೆಳಗಿಳಿದು ಬೇರು ಅಗಲಿಸಿದ್ದ ಕಲ್ಲಿನ ಸಂದುಗಳನ್ನು ಮುಚ್ಚಿದ. ಬೇಯಿಸಿದ ನೀರಿಗೆ ಬಾವಿಯಿಂದ ದೂರ, ಶಾಂತವ್ವನ ಹೊಲದ ಬದುವಿನಲ್ಲಿ ಒಂದು ಇಂಗುಗುಂಡಿ ಮಾಡಿ, ಕಲ್ಲು, ಮರಳು, ಇದ್ದಲಿ ತುಂಬಿದರು. ಅದರ ಸುತ್ತ ಮುಳ್ಳಿನ ಬೇಲಿ ಹಾಕಿಸಿದವರು ಶಾಂತವ್ವ. ಮಡಿ ನೀರನ್ನು ಯಾರೂ ತುಳಿಯಬಾರದು ಎಂಬ ಮಾತನ್ನು ಅವರು ಬಿಟ್ಟುಕೊಡಲಿಲ್ಲ, ಬಿಟ್ಟುಕೊಡಿ ಎಂದು ನಾನೂ ಕೇಳಲಿಲ್ಲ. ಕ್ಯಾನು ಮಾತ್ರ ಮೂಲೆಗೆ ಹೋಯಿತು, ಸಾಬೂನು ಹೆರೆಯುವ ಹಳೆಯ ಹೆರೆಮಣೆ ಹೊರಗೆ ಬಂತು.

ಮಳೆಗಾಲ ಬಂತು. ಬಾವಿಗೆ ಹೊಸ ನೀರು ಏರಿತು, ಲ್ಯಾಬಿನವರು ಮತ್ತೆ ನೋಡಿ ಕುಡಿಯಬಹುದು ಎಂದರು. ಓಡೋ ಹುಳಗಳನ್ನು ಯಾರೂ ತಂದು ಬಿಡಲಿಲ್ಲ, ಆದರೂ ಬಂದವು. ಅವುಗಳಲ್ಲಿ ಕೆಲವಕ್ಕೆ ರೆಕ್ಕೆಗಳಿರುತ್ತವೆ, ನೀರು ಹುಡುಕಿಕೊಂಡು ತಾವೇ ಹಾರಿ ಬರುತ್ತವೆ ಎಂಬುದು ನನಗೆ ಆಮೇಲೆ ತಿಳಿಯಿತು.

ಈಗಲೂ ನಾನು ನೀಲಿ ಡಬ್ಬಿ ಹಿಡಿದು ಹೋಗುತ್ತೇನೆ. ಡಬ್ಬಿಯಲ್ಲಿ ಬಟ್ಟೆಯ ಚೂರಿಗೆ ಸಿಕ್ಕಿಸಿದ ಒಂದು ಸೂಜಿಯೂ ಇದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಪರೀಕ್ಷೆ ಏನು ಕೇಳುತ್ತದೋ ನೀರು ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕೇಳದೆ ಉಳಿದದ್ದನ್ನು ಅದರಲ್ಲಿ ಬದುಕುವ ಜೀವಗಳು ಹೇಳುತ್ತವೆ. ಹಾಗಾಗಿ ಹನಿ ಹಾಕುವ ಮೊದಲು ಕಟ್ಟೆಯ ಮೇಲೆ ಮೊಣಕೈಯೂರಿ ಸ್ವಲ್ಪ ಹೊತ್ತು ಬಗ್ಗಿ ನೋಡುತ್ತೇನೆ.

ನಾನು ಬಗ್ಗಿದ್ದು ಕಂಡರೆ ಶಾಂತವ್ವ ಹಿತ್ತಲಿನಿಂದಲೇ, ಕೈಯಲ್ಲಿ ಒದ್ದೆ ಲಡಿ ಹಿಡಿದುಕೊಂಡು ಕೂಗುತ್ತಾರೆ.

"ಓಡಾಕತ್ತಾವೇನ್ರಿ ಮೇಡಂ?"

"ಓಡಾಕತ್ತಾವ ಶಾಂತವ್ವ."

ಆಮೇಲೆ ಅವರು ಲಡಿಯನ್ನು ಹಂಡೆಗೆ ಇಳಿಸುತ್ತಾರೆ.